ಘಾಟ್

ಘಾಟ್ ಎಂಬುದು ಭಾರತೀಯ ಭಾಷೆಗಳಿಂದ ಇಂಗ್ಲಿಷಿಗೆ ಹೋದ ನಾಮಪದ. ಹೊಳೆದಂಡೆಯ ಮೆಟ್ಟಿಲ ಸಾಲು, ಬೆಟ್ಟ ಹತ್ತಿಳಿಯುವ ದಾರಿ, ಪರ್ವತಶ್ರೇಣಿ ಎಂಬ ಮೂರು ಮುಖ್ಯ ಅರ್ಥಗಳಲ್ಲಿ ಅದು ಅಲ್ಲಿ ನೆಲೆ ನಿಂತಿದೆ. ಕನ್ನಡದ ಘಟ್ಟ, ಗಟ್ಟ, ಘಾಟಿ, ಹಿಂದಿ ಮತ್ತು ಮರಾಠಿಗಳ ಘಾಟ್, ತಮಿಳಿನ ಕಟ್ಟಂ ಇವೆಲ್ಲ ಇದರ ಬಳಗದ ಪದಗಳು. ಭಾರತದ ಇಂಗ್ಲಿಷಿನಲ್ಲಿ ಇದು ದಿನಬಳಕೆಯ ಮಾತು. ಇಂಗ್ಲಿಷಿನ ದಾರಿಯಾಗಿ ಮರಳಿ ಬಂದ ‘ಘಾಟ್’ ಎಂಬ ರೂಪವೂ ಕನ್ನಡದಲ್ಲಿ ಈಗ ಅಷ್ಟೇ ಬಳಕೆಯಲ್ಲಿದೆ. ಮೂರು ಅರ್ಥಗಳ ಪೈಕಿ ಎರಡು ಒಂದೇ ನೆಲದಲ್ಲಿ ಎದುರುಬದುರಾಗುವ ಜಾಗ ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸೀಮೆ. ಪೂರ್ವಘಟ್ಟ, ಪಶ್ಚಿಮಘಟ್ಟಗಳು ಕೂಡುವ ಎಡೆಯೆಂದು ಭೂಗೋಳದ ಪುಸ್ತಕಗಳು ಹೇಳುವ ಪ್ರದೇಶ ಇದು. ಅಲ್ಲಿನ ಕನ್ನಡಿಗರ ಬಾಯಲ್ಲಿ ಮಾತ್ರ ಘಾಟ್ ಎಂದರೆ ದಿಂಬಂನಿಂದ ಬಣ್ಣಾರಿಗೆ ಇಳಿಯುವ 27 ತಿರುವುಗಳ ರಸ್ತೆ.

ಪದದ ಮೂಲ

ಸಂಸ್ಕೃತದ ‘ಘಟ್ಟ’ ಶಬ್ದಕ್ಕೆ ಹೊಳೆಗೆ ಇಳಿಯುವ ಕಟ್ಟೆ, ದೋಣಿ ತಂಗುವ ತಾಣ, ಸುಂಕ ವಸೂಲಿ ಮಾಡುವ ಜಾಗ ಎಂಬ ಅರ್ಥಗಳಿವೆ. ಹಿಂದಿ, ಬಂಗಾಳಿ, ಮರಾಠಿಗಳ ಘಾಟ್ ಇದರಿಂದಲೇ ಬೆಳೆದದ್ದು. ನಡುವಿನ ಒತ್ತಕ್ಷರ ಸಡಿಲಗೊಂಡು ಹಿಂದಿನ ಸ್ವರ ದೀರ್ಘವಾಗುವುದು ಆ ಭಾಷೆಗಳ ಸಾಮಾನ್ಯ ನಡೆ. ಕನ್ನಡ ಒತ್ತನ್ನು ಬಿಟ್ಟುಕೊಡಲಿಲ್ಲ. ಮಹಾಪ್ರಾಣ ಉಳಿಸಿಕೊಂಡ ಘಟ್ಟ, ಕಳೆದುಕೊಂಡ ಗಟ್ಟ ಎರಡೂ ಕನ್ನಡದಲ್ಲಿ ನಡೆಯುತ್ತವೆ.

ಸಂಸ್ಕೃತಕ್ಕೆ ಈ ಶಬ್ದ ಎಲ್ಲಿಂದ ಬಂತು ಎಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸಂಸ್ಕೃತದ ‘ಘಟ್ಟ್’ ಧಾತುವಿಗೆ ಉಜ್ಜು, ತಾಕು, ಅಲುಗಿಸು ಎಂಬ ಅರ್ಥಗಳಿವೆ. ಹೊಳೆಯ ಮೆಟ್ಟಿಲನ್ನು ಅಲ್ಲಿಂದ ಪಡೆಯಬೇಕಾದರೆ ಬಹಳ ಎಳೆದಾಡಬೇಕಾಗುತ್ತದೆ. ಆದ್ದರಿಂದ ದ್ರಾವಿಡ ಮೂಲವನ್ನು ಸೂಚಿಸಿದವರೂ ಇದ್ದಾರೆ. ‘ಕಟ್ಟು’ ಧಾತುವಿನಿಂದ ಕನ್ನಡದಲ್ಲಿ ಕಟ್ಟೆ, ಕಟ್ಟ ಎಂಬ ಪದಗಳು ಹುಟ್ಟಿವೆ. ತೆಲುಗಿನ ಗಟ್ಟು ಎಂದರೆ ದಡ, ಏರಿ, ಒಡ್ಡು. ನೀರಿನ ಅಂಚಿನಲ್ಲಿ ಕಲ್ಲು ಕಟ್ಟಿ ಎತ್ತರಿಸಿದ ಜಾಗ ಎಂಬ ಭಾವ ಈ ಪದಗಳಿಗೂ ಘಟ್ಟಕ್ಕೂ ಸಮಾನ. ಹಳೆ ಮೈಸೂರು ಸೀಮೆಯಲ್ಲಿ ಹೊಳೆಯ ಮೆಟ್ಟಿಲಿಗೆ ಸ್ನಾನಘಟ್ಟ ಎನ್ನುವಂತೆಯೇ ಸೋಪಾನಕಟ್ಟೆ ಎಂದೂ ಹೇಳುವುದುಂಟು. ಒಂದೇ ವಸ್ತುವಿಗೆ ಒಮ್ಮೆ ಘಟ್ಟ, ಒಮ್ಮೆ ಕಟ್ಟೆ ಎಂಬ ಹೆಸರು ಬರುವುದು ಈ ನಂಟಿಗೆ ಪೂರ್ತಿ ಸಾಕ್ಷಿಯಾಗದಿದ್ದರೂ ಗಮನಿಸಬೇಕಾದ ಸಂಗತಿ.

ಸುಂಕದ ಅರ್ಥವನ್ನು ಮರೆಯುವಂತಿಲ್ಲ. ಇಂದಿನ ನಿಘಂಟುಗಳು ಅದನ್ನು ಮೂಲೆಗೆ ತಳ್ಳಿದ್ದರೂ ಪದದ ಮುಂದಿನ ಪಯಣಕ್ಕೆ ಬೀಗದ ಕೈ ಅದೇ. ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ‘ಘಟ್ಟಕುಟೀಪ್ರಭಾತ ನ್ಯಾಯ’ ಎಂಬುದೊಂದಿದೆ. ಘಟ್ಟಕುಟಿ ಎಂದರೆ ಸುಂಕದ ಗುಡಿಸಲು. ಸುಂಕ ತಪ್ಪಿಸಲೆಂದು ರಾತ್ರಿಯೆಲ್ಲ ಸುತ್ತುದಾರಿ ಹಿಡಿದು ನಡೆದ ವ್ಯಾಪಾರಿ ಬೆಳಗಾಗುವಾಗ ಅದೇ ಗುಡಿಸಲ ಮುಂದೆ ಬಂದು ನಿಂತಿರುತ್ತಾನೆ. ತಪ್ಪಿಸಿಕೊಳ್ಳಲು ಹೊರಟದ್ದಕ್ಕೇ ಬಂದು ಸಿಕ್ಕಿಬೀಳುವುದನ್ನು ಶಾಸ್ತ್ರಕಾರರು ಈ ನ್ಯಾಯದಿಂದ ಹೇಳುತ್ತಾರೆ. ಕನ್ನಡದಲ್ಲಿ ಸುಂಕದಕಟ್ಟೆ ಎಂಬ ಊರಹೆಸರು ಹಲವು ಕಡೆ ಇದೆ. ಬೆಂಗಳೂರಿನ ಪಶ್ಚಿಮಕ್ಕಿರುವ ಬಡಾವಣೆಯ ಹೆಸರು ಎಲ್ಲರಿಗೂ ಗೊತ್ತಿರುವಂಥದು. ಇಲ್ಲಿಯೂ ಸುಂಕದ ಜೊತೆಗೆ ಬರುವುದು ಕಟ್ಟೆಯೇ.

ಹೊಳೆಯ ದಡದ ಮಾತು ಬೆಟ್ಟಕ್ಕೆ ಏರಿದ್ದು ಹೇಗೆಂಬ ಪ್ರಶ್ನೆಗೆ ಈ ಸುಂಕವೇ ಉತ್ತರ ಕೊಡುತ್ತದೆ. ದಾಟುವ ಜಾಗ ಎಲ್ಲಿದೆಯೋ ಅಲ್ಲಿ ದಾರಿಗಳೆಲ್ಲ ಬಂದು ಕೂಡುತ್ತವೆ. ಹೇರು ಹೊತ್ತ ಎತ್ತು, ಕತ್ತೆ, ಗಾಡಿಗಳು ಅಲ್ಲಿ ನಿಲ್ಲಲೇಬೇಕು. ಸುಂಕದವನಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹೊಳೆ ದಾಟುವ ಕಡವಿಗೂ ಬೆಟ್ಟ ದಾಟುವ ಕಣಿವೆಗೂ ಈ ಗುಣ ಒಂದೇ. ಮಹಾರಾಷ್ಟ್ರದ ಜುನ್ನರದ ಬಳಿ ಕೊಂಕಣಕ್ಕೆ ಇಳಿಯುವ ನಾಣೇಘಾಟ್ ಶಾತವಾಹನರ ಕಾಲದ ದಾರಿ. ರಾಣಿ ನಾಗನಿಕೆಯ ಬ್ರಾಹ್ಮೀ ಶಾಸನ ಇರುವ ಗವಿ ಅಲ್ಲಿದೆ. ದಾರಿಯ ನೆತ್ತಿಯಲ್ಲಿ ಕಲ್ಲಿನ ದೊಡ್ಡ ಹರವಿಯೊಂದಿದ್ದು, ಸುಂಕದ ನಾಣ್ಯಗಳನ್ನು ಅದಕ್ಕೆ ಹಾಕುತ್ತಿದ್ದರೆಂದು ಸ್ಥಳೀಯರು ಹೇಳುತ್ತಾರೆ. ಹೆಸರಿನಲ್ಲಿ ನಾಣ್ಯ, ಘಾಟ್ ಎರಡೂ ಇರುವುದು ಆ ನೆನಪನ್ನು ಉಳಿಸಿದೆ.

ಇಂಗ್ಲಿಷಿಗೆ ಹೋದ ಬಗೆ

ಕರಾವಳಿಗೆ ಹಡಗಿನಲ್ಲಿ ಬಂದಿಳಿದ ಯುರೋಪಿನವರಿಗೆ ಮೂಡಣ ದಿಕ್ಕಿನಲ್ಲಿ ಗೋಡೆಯಂತೆ ನಿಂತ ಬೆಟ್ಟಸಾಲು ಕಾಣುತ್ತಿತ್ತು. ಅದನ್ನು ದಾಟಿ ಒಳನಾಡಿಗೆ ಹೋಗುವ ವರ್ತಕರು ‘ಘಾಟ್ ಹತ್ತಬೇಕು’, ‘ಘಟ್ಟದ ಮೇಲಿನಿಂದ ಬಂತು’ ಎನ್ನುತ್ತಿದ್ದರು. ಊರಿನವರು ಹೇಳಿದ್ದು ದಾರಿಯನ್ನು, ಕೇಳಿದವರು ತಿಳಿದದ್ದು ಬೆಟ್ಟವನ್ನು. 16ನೆಯ ಶತಮಾನದ ಮಧ್ಯಭಾಗದಲ್ಲಿ ಪೋರ್ಚುಗೀಸ್ ಇತಿಹಾಸಕಾರ ಜುವಾವ್ ದ ಬಾರೋಸ್, ಈ ಪರ್ವತಸಾಲನ್ನು ನಾಡಿನವರು ‘ಗಾಟೆ’ ಎನ್ನುತ್ತಾರೆ, ಅದಕ್ಕೆ ಶ್ರೇಣಿ ಎಂದರ್ಥ ಎಂದು ಬರೆದಿಟ್ಟ. ಈ ತಿಳಿವಳಿಕೆಯೇ ಮುಂದೆ ಡಚ್ಚರ, ಇಂಗ್ಲಿಷರ ನಕಾಶೆಗಳಲ್ಲಿ ಊರಿತು.

ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಕೂಡಿ ರಚಿಸಿದ, 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶ ಈ ಪದಕ್ಕೆ ಪ್ರತ್ಯೇಕ ನಮೂದು ಕೊಟ್ಟು ಮೂರು ಅರ್ಥಗಳನ್ನು ಬಿಡಿಸಿಟ್ಟಿದೆ. ಮೊದಲನೆಯದು ಇಳಿದಾಣ, ಎರಡನೆಯದು ಬೆಟ್ಟದ ದಾರಿ, ಅದರಿಂದ ಹುಟ್ಟಿದ ಮೂರನೆಯದು ಪರ್ವತಶ್ರೇಣಿ. ಮೂರನೆಯದು ಯುರೋಪಿಯನ್ನರ ಬಳಕೆಯಿಂದ ಬೆಳೆದದ್ದೆಂಬುದನ್ನು ಕೋಶಕಾರರು ಗುರುತಿಸಿದ್ದಾರೆ. ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದವನು, ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಸಂಗ್ರಹಿಸಿದವನು. ಘಟ್ಟದ ಮೇಲೆ, ಘಟ್ಟದ ಕೆಳಗೆ ಎಂಬ ಮಾತುಗಳು ದಿನವೂ ಕಿವಿಗೆ ಬೀಳುವ ಊರಿನಲ್ಲಿ ಅವನು ಕೆಲಸ ಮಾಡಿದ್ದ.

ಕಾಗುಣಿತ ಬಹುಕಾಲ ಒಂದೆಡೆ ನಿಲ್ಲಲಿಲ್ಲ. 18 ಮತ್ತು 19ನೆಯ ಶತಮಾನಗಳ ಬರಹಗಳಲ್ಲಿ ‘ಗಾಟ್’ ಎಂದೂ ‘ಗಾಟ್ಸ್’ ಎಂದೂ ಓದಬಹುದಾದ ಹಲವು ಬರಿಗೆಗಳಿವೆ. ಆ ಕಾಲದ ಇಂಗ್ಲಿಷರು ಇದನ್ನು ‘ಗಾ’ ಮತ್ತು ‘ಗೋ’ಗಳ ನಡುವಿನ ಸ್ವರದಲ್ಲಿ ಉಚ್ಚರಿಸುತ್ತಿದ್ದರು. ಆ ಹಳೆಯ ಬರಿಗೆಗಳಲ್ಲೊಂದು ಕೆರಿಬಿಯನ್ ದ್ವೀಪಗಳಾದ ಮಾಂಟ್ಸೆರಾಟ್, ನೇವಿಸ್, ಸೇಂಟ್ ಕಿಟ್ಸ್‌ಗಳಲ್ಲಿ ಇಂದಿಗೂ ಉಳಿದಿದ್ದು, ಬೆಟ್ಟದಿಂದ ಕಡಲಿಗೆ ಇಳಿಯುವ ಕೊರಕಲು ಹಳ್ಳಕ್ಕೆ ಅಲ್ಲಿನವರು ಆ ಹೆಸರನ್ನೇ ಹೇಳುತ್ತಾರೆ.

ಶ್ರೇಣಿಯ ಅರ್ಥ ಗಟ್ಟಿಯಾದ ಮೇಲೂ ಇಂಗ್ಲಿಷಿನಲ್ಲಿ ಹಳೆಯದರ ಒಂದು ಕುರುಹು ಉಳಿದುಕೊಂಡಿದೆ. ಪರ್ವತಶ್ರೇಣಿಯ ಹೆಸರಾಗಿ ಈ ಪದ ಯಾವಾಗಲೂ ಬಹುವಚನದಲ್ಲಿಯೇ ಬರುತ್ತದೆ. ಮೊದಲು ಎಣಿಸಿದ್ದು ದಾರಿಗಳನ್ನು, ಅವು ಹಲವಿದ್ದವು ಎಂಬುದನ್ನು ಈ ಬಹುವಚನ ನೆನಪಿಸುತ್ತದೆ. ಕನ್ನಡ ಪಠ್ಯಪುಸ್ತಕದ ‘ಪಶ್ಚಿಮ ಘಟ್ಟಗಳು’ ಎಂಬ ಮಾತು ಇಂಗ್ಲಿಷಿನಿಂದ ಅನುವಾದಗೊಂಡು ಬಂದದ್ದು. ಹಾಗೆ ಬರುವಾಗ ‘-ಗಳು’ ಪ್ರತ್ಯಯವನ್ನೂ ಕರೆತಂದಿದೆ. ಹಿಮಾಲಯಗಳು, ವಿಂಧ್ಯಗಳು ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ.

ಅರ್ಥಗಳು

ಹೊಳೆದಂಡೆಯ ಮೆಟ್ಟಿಲು. ಉತ್ತರ ಭಾರತದಲ್ಲಿ ಘಾಟ್ ಎಂದೊಡನೆ ಮನಸ್ಸಿಗೆ ಬರುವುದು ಇದೇ. ಕಾಶಿಯ ದಶಾಶ್ವಮೇಧ, ಮಣಿಕರ್ಣಿಕಾ ಘಾಟ್‌ಗಳು ಹೆಸರಾದವು. ಮಣಿಕರ್ಣಿಕೆಯಂಥ ದಹನಸ್ಥಳಗಳಿಂದಾಗಿ ಶವಸಂಸ್ಕಾರದ ಜಾಗ ಎಂಬ ಉಪಾರ್ಥವೂ ಇಂಗ್ಲಿಷಿಗೆ ಸೇರಿತು. 1948ರ ಜನವರಿ 31ರಂದು ಗಾಂಧೀಜಿಯವರ ಅಂತ್ಯಸಂಸ್ಕಾರ ನಡೆದ ದೆಹಲಿಯ ರಾಜ್‌ಘಾಟ್ ಯಮುನೆಯ ಹಳೆಯ ಘಾಟ್ ಒಂದರ ಹೆಸರು. ಈಗ ಅದು ಸ್ಮಾರಕದ ಹೆಸರಾಗಿದೆ. ಕನ್ನಡನಾಡಿನಲ್ಲಿ ಈ ಅರ್ಥಕ್ಕೆ ಬಿಡಿಯಾಗಿ ಘಟ್ಟ ಎನ್ನುವುದು ಕಡಿಮೆ, ಸ್ನಾನಘಟ್ಟ ಎಂಬ ಸಮಾಸವೇ ರೂಢಿ. ನಂಜನಗೂಡಿನ ಕಪಿಲಾತೀರ, ಧರ್ಮಸ್ಥಳದ ನೇತ್ರಾವತಿ ತೀರಗಳ ಸ್ನಾನಘಟ್ಟಗಳು ಯಾತ್ರಿಕರಿಗೆ ಚಿರಪರಿಚಿತ. ತಮಿಳಿನಲ್ಲಿ ಇದಕ್ಕೆ ಪಡಿತ್ತುಱೈ ಎಂಬ ಸ್ವಂತ ಮಾತಿದೆ.

ಬೆಟ್ಟ ಹತ್ತುವ ದಾರಿ. ದಖ್ಖನಿನ ಭಾಷೆಗಳಲ್ಲಿ ಬಲವಾಗಿ ಬೆಳೆದ ಅರ್ಥ ಇದು. ಕನ್ನಡದಲ್ಲಿ ಇದಕ್ಕೆ ಘಾಟಿ ಎಂಬ ರೂಪವೇ ಹೆಚ್ಚು. ಆಗುಂಬೆ ಘಾಟಿ, ಚಾರ್ಮಾಡಿ ಘಾಟಿ, ಶಿರಾಡಿ ಘಾಟಿ, ಸಂಪಾಜೆ ಘಾಟಿ, ಅರಬೈಲು ಘಾಟಿ, ಹುಲಿಕಲ್ ಘಾಟಿ ಹೀಗೆ. ಹಿಂದಿಯಲ್ಲಿ ಘಾಟಿ ಎಂದರೆ ಎರಡು ಬೆಟ್ಟಗಳ ನಡುವಿನ ತಗ್ಗು. ಕಾಶ್ಮೀರ್ ಘಾಟಿಯನ್ನು ಕನ್ನಡಕ್ಕೆ ತರುವಾಗ ಕಾಶ್ಮೀರ ಕಣಿವೆ ಎನ್ನಬೇಕಾಗುತ್ತದೆ. ಅವಸರದ ಅನುವಾದಗಳಲ್ಲಿ ಇಲ್ಲಿ ಎಡವಿದ್ದನ್ನು ಆಗಾಗ ಕಾಣಬಹುದು. ರೈಲ್ವೆಯವರು ಈ ಅರ್ಥದಿಂದ ‘ಘಾಟ್ ಸೆಕ್ಷನ್’ ಎಂಬ ಪಾರಿಭಾಷಿಕ ಪದವನ್ನು ಮಾಡಿಕೊಂಡರು. ಮುಂಬಯಿ-ಪುಣೆ ನಡುವಿನ ಭೋರ್ ಘಾಟ್ ಮಾರ್ಗ 1863ರಲ್ಲಿ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಹಳಿ 57 ಸುರಂಗಗಳನ್ನು ಹಾದುಹೋಗುತ್ತದೆ. ಅಲ್ಲಿ 50 ಅಡಿ ಸಾಗಿದರೆ ಒಂದು ಅಡಿ ಇಳುಕಲು. ರಸ್ತೆಯಲ್ಲಿ ‘ಘಾಟ್ ರೋಡ್’ ಎಂಬ ಮಾತಿದೆ. ಎದುರುಬದುರಾದ ಎರಡು ವಾಹನಗಳಿಗೆ ಒಟ್ಟಿಗೆ ಜಾಗ ಸಾಲದಿದ್ದರೆ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಕೊಡಬೇಕೆಂಬುದು ಅಲ್ಲಿನ ನಿಯಮ. ಏರಿನಲ್ಲಿ ಒಮ್ಮೆ ನಿಂತ ಹೇರಿನ ಲಾರಿ ಮತ್ತೆ ಹೊರಡುವುದು ಕಷ್ಟ.

ಪರ್ವತಶ್ರೇಣಿ. ತಪತಿ ನದಿಯ ದಕ್ಷಿಣದಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1,600 ಕಿ.ಮೀ. ಚಾಚಿರುವ ಪಶ್ಚಿಮಘಟ್ಟ ಮತ್ತು ಬಂಗಾಳಕೊಲ್ಲಿಯ ಕಡೆ ತುಂಡುತುಂಡಾಗಿ ಹರಡಿರುವ ಪೂರ್ವಘಟ್ಟ ಈ ಅರ್ಥದ ಎರಡು ಬಳಕೆಗಳು. ಮೊದಲನೆಯದಕ್ಕೆ ಸಹ್ಯ, ಸಹ್ಯಾದ್ರಿ ಎಂಬ ಹಳೆಯ ಹೆಸರುಗಳಿದ್ದವು. ಪುರಾಣಗಳ ಏಳು ಕುಲಪರ್ವತಗಳಲ್ಲಿ ಸಹ್ಯವೂ ಒಂದು, ಪೂರ್ವದ ಮಹೇಂದ್ರವೂ ಒಂದು. ಪೂರ್ವದ ಬೆಟ್ಟಗಳಿಗೆಲ್ಲ ಸೇರಿ ಒಂದೇ ಹೆಸರು ಬೇಕೆಂದು ನಾಡಿನವರಿಗೆ ಎಂದೂ ಅನ್ನಿಸಿರಲಿಲ್ಲ. ಗೋದಾವರಿ, ಕೃಷ್ಣೆ, ಪೆನ್ನೆ, ಕಾವೇರಿಗಳು ಕಡಿದು ಬೇರೆ ಮಾಡಿದ ಆ ಬೆಟ್ಟಗಳನ್ನು ಒಂದು ಶ್ರೇಣಿಯಾಗಿ ನೋಡಿದ್ದು ನಕಾಶೆ ಬರೆಯುವವರ ಕಣ್ಣು. ಪಶ್ಚಿಮಕ್ಕೆ ಇಟ್ಟ ಹೆಸರಿಗೆ ಜೋಡಿಯಾಗಿ ಪೂರ್ವಕ್ಕೂ ಅದನ್ನೇ ಇಟ್ಟರು. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಈ ಅರ್ಥ ಜಗತ್ತಿನ ತುಂಬ ಹರಡಿದೆ. ತಮಿಳು ಮಾತ್ರ ಇದನ್ನು ಒಪ್ಪಿಕೊಂಡಿಲ್ಲ. ಅಲ್ಲಿ ಪಶ್ಚಿಮಘಟ್ಟ ‘ಮೇಱ್ಕುತ್ ತೊಡರ್ಚ್ಚಿ ಮಲೈ’, ಪೂರ್ವಘಟ್ಟ ‘ಕಿೞಕ್ಕುತ್ ತೊಡರ್ಚ್ಚಿ ಮಲೈ’. ತೊಡರ್ಚ್ಚಿ ಎಂದರೆ ಒಂದರ ಬೆನ್ನಿಗೊಂದು ಸಾಗುವುದು. ಹೆಸರು ಹೇಳುವ ವಸ್ತುವಿಗೆ ಘಟ್ಟಕ್ಕಿಂತ ಈ ಮಾತೇ ಹೆಚ್ಚು ಒಪ್ಪುತ್ತದೆ.

ಹಂತ. ಇಂಗ್ಲಿಷಿಗೆ ಹೋಗದೆ ಕನ್ನಡದಲ್ಲಿಯೇ ಬೆಳೆದ ಅರ್ಥ ಇದು. ಮಾತುಕತೆ ಕೊನೆಯ ಘಟ್ಟ ಮುಟ್ಟಿತು, ಬದುಕಿನ ಈ ಘಟ್ಟದಲ್ಲಿ, ಪಂದ್ಯ ನಿರ್ಣಾಯಕ ಘಟ್ಟ ತಲುಪಿದೆ ಎಂಬ ಮಾತುಗಳಲ್ಲಿ ನೀರೂ ಇಲ್ಲ, ಬೆಟ್ಟವೂ ಇಲ್ಲ. ಒಂದೊಂದೇ ಮೆಟ್ಟಿಲು ಇಳಿದು ನಿಲ್ಲುವ ಅಥವಾ ಏರುವಾಗ ಅಲ್ಲಲ್ಲಿ ತಂಗುವ ಚಿತ್ರದಿಂದ ಕಾಲದ ಮೆಟ್ಟಿಲು ಎಂಬ ಭಾವ ಹುಟ್ಟಿದೆ. ತಮಿಳಿನ ಕಟ್ಟಂ ಕೂಡ ಇದೇ ದಾರಿ ಹಿಡಿಯಿತು. ಅಲ್ಲಿನ ‘ಇಱುದಿಕ್ಕಟ್ಟಂ’ ನಮ್ಮ ಕೊನೆಯ ಘಟ್ಟವೇ. ಬೆಟ್ಟಕ್ಕೆ ಈ ಪದವನ್ನು ಬಳಸದ ತಮಿಳು ಕಾಲಕ್ಕೆ ಬಳಸುತ್ತದೆ.

ಮೇಲೆ ಮತ್ತು ಕೆಳಗೆ

ಘಟ್ಟ ಎಂಬುದು ಕನ್ನಡಿಗರಿಗೆ ನಾಡನ್ನು ಎರಡಾಗಿ ಹೇಳುವ ಗೆರೆಯೂ ಆಗಿದೆ. ಕರಾವಳಿಯವರಿಗೆ ಮಲೆನಾಡು, ಬಯಲುಸೀಮೆಗಳೆರಡೂ ‘ಘಟ್ಟದ ಮೇಲೆ’. ಮಲೆನಾಡಿನವರಿಗೆ ಕರಾವಳಿ ‘ಘಟ್ಟದ ಕೆಳಗೆ’. ಅಕ್ಕಿ, ಉಪ್ಪು, ಅಡಿಕೆ, ಮದುವೆಯ ಸಂಬಂಧ ಎಲ್ಲಕ್ಕೂ ಈ ವಿಶೇಷಣ ಹತ್ತುತ್ತದೆ. ಬಿಜಾಪುರದ ಮತ್ತು ಮೊಗಲರ ಆಡಳಿತ ಇದನ್ನೇ ಪಾರಸಿಯಲ್ಲಿ ಬಾಲಾಘಾಟ್, ಪಾಯಿನ್‌ಘಾಟ್ ಎಂದು ಕರೆದು ಕರ್ನಾಟಕವೆಂಬ ವಿಶಾಲ ಪ್ರದೇಶವನ್ನು ಹಂಚಿಕೊಂಡಿತು. ಬಾಲಾ ಎಂದರೆ ಮೇಲಿನ, ಪಾಯಿನ್ ಎಂದರೆ ಕೆಳಗಿನ. ಆರ್ಕಾಟಿನ ನವಾಬರ ಸೀಮೆ ಕರ್ನಾಟಕ ಪಾಯಿನ್‌ಘಾಟ್ ಎನಿಸಿಕೊಂಡಿತ್ತು. ಮುಂಬಯಿಯಲ್ಲಿ ಘಟ್ಟದ ಮೇಲಿನಿಂದ ದುಡಿಯಲು ಬಂದವರನ್ನು ‘ಘಾಟಿ’ ಎಂದು ಹಗುರವಾಗಿ ಕರೆಯುವ ಚಾಳಿಯೂ ಈ ಗೆರೆಯಿಂದಲೇ ಹುಟ್ಟಿದ್ದು. ಊರನ್ನು ಸೂಚಿಸುವ ಮಾತು ಜನರನ್ನು ಕೀಳುಗಳೆಯುವ ಮಾತಾದದ್ದು ನೋವಿನ ಸಂಗತಿ.

ತಾಳವಾಡಿ ಸೀಮೆಯಲ್ಲಿ

ತಾಳವಾಡಿ ಪ್ರಸ್ಥಭೂಮಿ ಮೈಸೂರು ಪ್ರಸ್ಥಭೂಮಿಯ ತೆಂಕಣ ಅಂಚು. ಬಡಗಣಕ್ಕೆ ಚಾಮರಾಜನಗರ, ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದ ಇಳಿದುಬರುವ ಕಾಡು, ತೆಂಕಣಕ್ಕೆ ಮೋಯಾರ್ ಹೊಳೆಯ ಆಳವಾದ ಕಣಿವೆ. ಅದರಾಚೆ ನೀಲಗಿರಿ. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೊಯಮತ್ತೂರು ಸೀಮೆ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಬೆಟ್ಟದ ಮೇಲಿನ ಈ ಕನ್ನಡ ಹಳ್ಳಿಗಳು ಅದರೊಡನೆ ಮದರಾಸು ಪ್ರಾಂತಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂದರೂ ತಾಳವಾಡಿ ಅಲ್ಲಿಯೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಊರಾದ ದೊಡ್ಡ ಗಾಜನೂರು ಇಲ್ಲಿಯದೇ. ಹೀಗಾಗಿ ಜಿಲ್ಲಾಕೇಂದ್ರ ಈರೋಡಿಗೆ ಹೋಗಬೇಕಾದವರು ಬೆಟ್ಟ ಇಳಿಯಬೇಕು, ಅದಕ್ಕಿಂತ ಎಷ್ಟೋ ಹತ್ತಿರದ ಚಾಮರಾಜನಗರಕ್ಕೆ ಸಮತಟ್ಟಿನಲ್ಲಿಯೇ ಹೋಗಬಹುದು. ಘಾಟ್ ಎಂಬ ಪದದ ಭಾರ ಇಲ್ಲಿ ಇಷ್ಟಿರುವುದಕ್ಕೆ ಈ ಭೂಗೋಳವೇ ಕಾರಣ.

ಬೆಂಗಳೂರಿನಿಂದ ಕನಕಪುರ, ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಬರುವ ರಾಷ್ಟ್ರೀಯ ಹೆದ್ದಾರಿ 948, ಮೊದಲಿನ ಸಂಖ್ಯೆಯಲ್ಲಿ 209, ಪುಣಜನೂರು ದಾಟಿ ತಮಿಳುನಾಡನ್ನು ಹೊಕ್ಕು ಹಾಸನೂರು, ದಿಂಬಂಗಳಿಗೆ ಬರುತ್ತದೆ. ದಿಂಬಂನಲ್ಲಿ ನೆಲ ಮುಗಿಯುತ್ತದೆ. ಅಲ್ಲಿಂದ ಬಣ್ಣಾರಿ ಅಮ್ಮನ ಗುಡಿಯವರೆಗೆ ರಸ್ತೆ 27 ಸಲ ತನ್ನ ಬೆನ್ನಿಗೆ ತಾನೇ ತಿರುಗುತ್ತ ಇಳಿಯುತ್ತದೆ. ತಿರುವುಗಳಿಗೆ ಸಂಖ್ಯೆಯ ಫಲಕಗಳಿವೆ. ಚಾಲಕರು ಜಾಗ ಹೇಳುವುದೂ ಆ ಸಂಖ್ಯೆಯಿಂದಲೇ. ಕಬ್ಬು, ತರಕಾರಿ, ಜಲ್ಲಿ, ಗ್ರಾನೈಟ್ ತುಂಬಿದ ಲಾರಿ ತಿರುವಿನಲ್ಲಿ ಒಮ್ಮೆಗೇ ಹೊರಳಲಾರದು. ಮೂತಿಯನ್ನು ಗೋಡೆಯವರೆಗೆ ತಂದು, ಹಿಂದಕ್ಕೆ ಸರಿಸಿ, ಮತ್ತೆ ಮುಂದೆ ತೆಗೆಯಬೇಕು. ಅಷ್ಟರಲ್ಲಿ ಕ್ಲೀನರ್ ಕೆಳಗಿಳಿದು ಹಿಂದಿನ ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಟ್ಟು ನಿಂತಿರುತ್ತಾನೆ. ಒಂದು ಲಾರಿ ಅಡ್ಡ ನಿಂತರೆ ಮೇಲಿನ ತಿರುವಿನಲ್ಲೂ ಕೆಳಗಿನ ತಿರುವಿನಲ್ಲೂ ಬಸ್ಸುಗಳ ಸಾಲು ಬೆಳೆಯುತ್ತದೆ. ‘ಘಾಟ್ ಜಾಮ್’ ಎಂಬ ಎರಡು ಪದಗಳ ಸುದ್ದಿ ತಾಳವಾಡಿಯ ಬಸ್‌ಸ್ಟ್ಯಾಂಡಿಗೆ ಮುಟ್ಟಿದರೆ ಸತ್ಯಮಂಗಲದ ಆಸ್ಪತ್ರೆಗೋ ಕಚೇರಿಗೋ ಹೊರಟವರು ಅಂದಿನ ಕೆಲಸವನ್ನು ಬಿಟ್ಟಂತೆಯೇ.

ಇಲ್ಲಿನ ಮಾತಿನಲ್ಲಿ ಪದದ ಅರ್ಥವನ್ನು ಅದರ ಕ್ರಿಯಾಪದ ತಿಳಿಸುತ್ತದೆ. ಘಾಟ್ ಹತ್ತುತ್ತಾರೆ, ಇಳಿಯುತ್ತಾರೆ. ಘಾಟ್ ಮುಚ್ಚುತ್ತದೆ, ತೆರೆಯುತ್ತದೆ, ಜಾಮ್ ಆಗುತ್ತದೆ. ಇವೆಲ್ಲ ದಾರಿಗೆ ಸಲ್ಲುವ ಕ್ರಿಯೆಗಳು. ಪಠ್ಯಪುಸ್ತಕದ ಘಟ್ಟವಾದರೋ ಚಾಚುತ್ತದೆ, ಹಬ್ಬುತ್ತದೆ, ಮಳೆಮೋಡ ತಡೆಯುತ್ತದೆ. ಒಂದೇ ಪದಕ್ಕೆ ಎರಡು ವ್ಯಾಕರಣವಿದ್ದಂತೆ ಇವು ಬೆರೆಯದೆ ನಡೆಯುತ್ತಿವೆ. ಬೆಟ್ಟವನ್ನು ಬೆಟ್ಟವೆಂದು ಹೇಳಲು ತಾಳವಾಡಿಯವರಿಗೆ ಬೇರೆ ಪದಗಳಿವೆ: ಗುಡ್ಡ, ಬೆಟ್ಟ, ಮಲೆ. ತಾಳಮಲೆಯ ಹೆಸರಿನಲ್ಲಿ ಮಲೆ ಇದೆ. ಮಲೆ ಮಹದೇಶ್ವರನ ಬೆಟ್ಟದಲ್ಲಿ ಮಲೆ, ಬೆಟ್ಟ ಎರಡೂ ಇವೆ. ತಾವು ಪೂರ್ವಘಟ್ಟದವರೋ ಪಶ್ಚಿಮಘಟ್ಟದವರೋ ಎಂಬ ಪ್ರಶ್ನೆ ಶಾಲೆಯ ಪುಸ್ತಕದಲ್ಲಿ ಏಳುವಂಥದು. ಊರಿನ ಮಾತಿನಲ್ಲಿ ಅದಕ್ಕೆ ಎಡೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದುವ ಇಲ್ಲಿನ ಮಗು ಪಾಠದಲ್ಲಿ ‘ಪಶ್ಚಿಮ ಘಟ್ಟಗಳು’ ಎಂದು ಕಲಿಯುತ್ತದೆ, ತಮಿಳು ಫಲಕದಲ್ಲಿ ‘ತೊಡರ್ಚ್ಚಿ ಮಲೈ’ ಎಂದು ಓದುತ್ತದೆ, ಬಸ್ಸಿನಲ್ಲಿ ಕೂತಾಗ ‘ಘಾಟ್’ ಎನ್ನುತ್ತದೆ.

ಘಾಟ್ ಎಂಬ ರೂಪ ಇಲ್ಲಿಗೆ ಬಂದದ್ದು ಮೋಟಾರು ರಸ್ತೆ ಮತ್ತು ಸರ್ಕಾರಿ ಕಡತಗಳ ಜೊತೆಗೆ ಎಂದು ತಿಳಿಯಬೇಕಾಗುತ್ತದೆ. ಮಹಾಪ್ರಾಣದ ಮೊದಲಕ್ಷರ ಮತ್ತು ಕೊನೆಯ ಅರ್ಧಾಕ್ಷರ ಎರಡೂ ಹಳ್ಳಿಯ ಕನ್ನಡಕ್ಕೆ ಒಗ್ಗುವಂಥವಲ್ಲ. ಆದ್ದರಿಂದಲೇ ಹಲವರ ಬಾಯಲ್ಲಿ ಅದು ‘ಗಾಟು’ ಆಗುತ್ತದೆ. ಅದಕ್ಕೂ ಹಿಂದೆ ಇಂಥ ದಾರಿಗೆ ಮೈಸೂರು ಕನ್ನಡದಲ್ಲಿದ್ದ ಪದ ಕಣಿವೆ. ತಮಿಳಿನ ಕಣವಾಯ್ ಅದರ ಒಡಹುಟ್ಟು. ಈಗ ಕಣಿವೆ ಎಂದರೆ ತಗ್ಗು ಪ್ರದೇಶವೆಂದಷ್ಟೇ ತಿಳಿಯುತ್ತೇವೆ. ಬೆಟ್ಟ ದಾಟುವ ಸಂದಿ ಎಂಬ ಅದರ ಹಳೆಯ ಅರ್ಥವನ್ನು ಘಾಟ್, ಘಾಟಿಗಳು ನುಂಗಿಹಾಕಿವೆ.

ಆ ಹಳೆಯ ಅರ್ಥಕ್ಕೆ ಇಲ್ಲಿಯದೇ ದೊಡ್ಡ ನಿದರ್ಶನ ಗಜ್ಜಲಹಟ್ಟಿ ಕಣಿವೆ. ತಾಳಮಲೆಯ ತೆಂಕಣಕ್ಕೆ ಮೋಯಾರ್ ತೀರದತ್ತ ಇಳಿಯುವ ಈ ದಾರಿ ದಿಂಬಂ ರಸ್ತೆಗಿಂತ ಮೊದಲು ಮೈಸೂರಿಗೂ ಕೊಯಮತ್ತೂರು ಬಯಲಿಗೂ ಹೆಬ್ಬಾಗಿಲಾಗಿತ್ತು. ಹೈದರಾಲಿ, ಟಿಪ್ಪು ಇಬ್ಬರ ಸೈನ್ಯಗಳೂ ಇದನ್ನು ಬಳಸಿದವು. ಮೂರನೆಯ ಮೈಸೂರು ಯುದ್ಧದಲ್ಲಿ ಇದೇ ದಾರಿಯಿಂದ ಮೇಲೇರಿ ಶ್ರೀರಂಗಪಟ್ಟಣದತ್ತ ಹೋಗಲು ಇಂಗ್ಲಿಷ್ ಸೇನಾಪತಿ ಮೆಡೋಸ್ ಯೋಜನೆ ಹಾಕಿದ್ದ. ಅದಕ್ಕೆ ಮೊದಲೇ 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಕಣಿವೆ ಇಳಿದು ಬಂದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದು, ಅವನು ಹಿಮ್ಮೆಟ್ಟುವಂತೆ ಮಾಡಿದ. ಕಣಿವೆಯ ಬುಡದಲ್ಲಿದ್ದ ದಣ್ಣಾಯಕನಕೋಟೆ ದಾರಿಯನ್ನು ಕಾಯುತ್ತಿತ್ತು. 1955ರಲ್ಲಿ ಪೂರ್ತಿಯಾದ ಭವಾನಿಸಾಗರ ಅಣೆಕಟ್ಟಿನ ನೀರು ಆ ಕೋಟೆಯನ್ನು ಮುಳುಗಿಸಿತು. ಹಿನ್ನೀರು ತೀರ ತಗ್ಗಿದ ಬೇಸಿಗೆಗಳಲ್ಲಿ ಅಲ್ಲಿನ ಹಳೆಯ ಗುಡಿ ತಲೆಯೆತ್ತುತ್ತದೆ. ಜನಸಂಚಾರ ದಿಂಬಂಗೆ ಹೊರಳಿದ ಮೇಲೆ ಗಜ್ಜಲಹಟ್ಟಿ ಕಣಿವೆ ಕಾಡಿಗೆ ಸೇರಿತು.

ಊರಹೆಸರುಗಳಲ್ಲಿ

ಊರಹೆಸರಿನ ಕೊನೆಯಲ್ಲಿ ಘಟ್ಟ ಕಂಡಲ್ಲೆಲ್ಲ ಬೆಟ್ಟವಿರುತ್ತದೆಂದು ತಿಳಿಯುವಂತಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ ಬಯಲುಸೀಮೆಯ ಪಟ್ಟಣ. ಬಯಲುಸೀಮೆಯ ಇಂಥ ಹೆಸರುಗಳಲ್ಲಿ ಕೊನೆಯ ಪದ ‘ಕಟ್ಟ’, ಎಂದರೆ ಕೆರೆಯ ಒಡ್ಡು ಆಗಿರುವ ಸಂಭವವೇ ಹೆಚ್ಚು. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ ಉತ್ತರಪದದ ಕಕಾರ ಗಕಾರವಾಗುವುದು ಕನ್ನಡದ ಆದೇಶಸಂಧಿ. ಹೀಗೆ ಗಟ್ಟ ಆದದ್ದನ್ನು ಲಿಪಿಕಾರರು ಸಂಸ್ಕೃತದ ಮೆರುಗು ಕೊಟ್ಟು ಘಟ್ಟ ಎಂದು ತಿದ್ದಿದರು. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಲ್ಲಿ ಬೆಟ್ಟದ ನಡುವಿನ ದಾರಿಯ ಅರ್ಥ ಹೊಂದುತ್ತದೆ.

ಇಂಗ್ಲಿಷರ ಕಿವಿಯೂ ಇಂಥದೇ ತಿದ್ದುಪಡಿ ಮಾಡಿದೆ. ಮಲಯಾಳದ ಪಾಲಕ್ಕಾಡು ಎಂಬ ಹೆಸರಿನ ಕೊನೆಯಲ್ಲಿರುವುದು ಕಾಡು. ಅದನ್ನು ಅವರು ‘ಪಾಲ್‌ಘಾಟ್’ ಎಂದು ಬರೆದರು. ಪಶ್ಚಿಮಘಟ್ಟದ ಅತ್ಯಂತ ಅಗಲವಾದ ಬಿರುಕು ಅಲ್ಲಿಯೇ ಇರುವುದರಿಂದ ಆ ಬರಿಗೆ ಸಹಜವಾಗಿ ಕಂಡು, ನೂರಾರು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಈಗ ಮೂಲ ಹೆಸರೇ ಅಧಿಕೃತವಾಗಿದೆ.

ದನಿ ಒಂದೇ, ಪದ ಬೇರೆ

ಮೆಣಸಿನಕಾಯಿ ಹುರಿಯುವಾಗ ಮೂಗಿಗೆ ಅಡರುವ ಘಾಟು, ಹೊಗೆಸೊಪ್ಪಿನ ಘಾಟು ಇವುಗಳಿಗೂ ಈ ಪದಕ್ಕೂ ನಂಟಿಲ್ಲ. ತಾಳವಾಡಿ ಕಡೆ ‘ಗಾಟು’ ಎಂಬ ಒಂದೇ ಉಚ್ಚಾರ ಎರಡಕ್ಕೂ ಸಲ್ಲುವುದರಿಂದ ಸಂದರ್ಭ ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಮಹಾ ಚತುರ, ಅನುಭವಸ್ಥ ಎಂಬರ್ಥದ ಘಾಟಿ, ಎಂದರೆ ‘ಘಾಟಿ ಮುದುಕಿ’ ಎನ್ನುವಲ್ಲಿನದು, ಬೇರೆಯೇ ಬಳಕೆ. ಮಡಕೆಯ ಘಟ, ವಾದ್ಯದ ಘಟಂ, ಗಟ್ಟಿ ಎಂಬ ಗುಣವಾಚಕ ಇವೂ ಈ ಬಳಗಕ್ಕೆ ಸೇರಿದವಲ್ಲ.

ಇಂದಿನ ಬಳಕೆ

ಕನ್ನಡ ಪತ್ರಿಕೆಗಳಲ್ಲಿ ಈಗ ಮೂರು ರೂಪಗಳು ಕೆಲಸ ಹಂಚಿಕೊಂಡಿವೆ. ಪರ್ವತಶ್ರೇಣಿಗೆ ಮತ್ತು ಹಂತಕ್ಕೆ ಘಟ್ಟ, ಕರಾವಳಿಗೆ ಇಳಿಯುವ ದಾರಿಗಳಿಗೆ ಹೆಚ್ಚಾಗಿ ಘಾಟಿ, ದಿಂಬಂನಂಥ ಹೊರರಾಜ್ಯದ ರಸ್ತೆಗಳಿಗೆ ಮತ್ತು ರೈಲ್ವೆಯ ಮಾತಿಗೆ ಘಾಟ್. ಈ ಹಂಚಿಕೆಯನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ಆದರೂ ಅದು ಅನುಕೂಲವಾಗಿದೆ, ಬರೆಯುವವರು ಉಳಿಸಿಕೊಳ್ಳುವುದು ಒಳ್ಳೆಯದು. ಪರಿಸರದ ಚರ್ಚೆ ಬೆಳೆದ ಮೇಲೆ ಶ್ರೇಣಿಯ ಅರ್ಥಕ್ಕೆ ಹೊಸ ಬಲ ಬಂದಿದೆ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯ, 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿಗಳು ಬಂದಂದಿನಿಂದ ಮಲೆನಾಡಿನ ಹಳ್ಳಿಗಳಲ್ಲಿಯೂ ‘ಪಶ್ಚಿಮಘಟ್ಟ’ ಎಂಬುದು ಜಮೀನು, ಜೀವನೋಪಾಯಗಳ ಮಾತಾಗಿದೆ.

ತಾಳವಾಡಿಯಲ್ಲಿಯೂ ಕಾಡಿನ ಕಾನೂನು ಪದಕ್ಕೆ ಹೊಸ ಸಂದರ್ಭಗಳನ್ನು ತಂದಿತು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಿಸ್ತೀರ್ಣ ಸುಮಾರು 1,400 ಚ.ಕಿ.ಮೀ. ದಿಂಬಂ ರಸ್ತೆ ಅದರ ನಡುವೆಯೇ ಹಾದುಹೋಗುತ್ತದೆ. ರಾತ್ರಿ ವಾಹನಗಳಿಗೆ ಸಿಕ್ಕು ಕಾಡುಪ್ರಾಣಿಗಳು ಸಾಯುತ್ತಿದ್ದುದರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿ 10ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ತುರ್ತು ವಾಹನಗಳಿಗೂ ಸ್ಥಳೀಯ ನಿವಾಸಿಗಳಿಗೂ ವಿನಾಯಿತಿ ಇದೆ. ಆದೇಶ ಬಂದಾಗ ಫಸಲನ್ನು ಕೆಳಗಿನ ಮಾರುಕಟ್ಟೆಗೆ ಸಾಗಿಸುವ ತಾಳವಾಡಿಯ ರೈತರು ಪ್ರತಿಭಟಿಸಿದರು. ಆ ದಿನಗಳಿಂದ ‘ಘಾಟ್ ಟೈಮ್’ ಎಂಬ ಮಾತು ಚಾಲಕರ ಬಾಯಲ್ಲಿ ನಡೆಯುತ್ತಿದೆ. ಗೇಟು ಮುಚ್ಚುವ ಮುನ್ನ ದಾಟಬೇಕಾದ ಹೊತ್ತು ಎಂದು ಅದರ ಅರ್ಥ. ಹೊತ್ತು ಮೀರಿ ಬಂದ ಲಾರಿಗಳು ಬಣ್ಣಾರಿಯ ಚೆಕ್‌ಪೋಸ್ಟಿನ ಮುಂದೆ ರಸ್ತೆಯ ಬದಿಯಲ್ಲಿ ಸಾಲಾಗಿ ನಿಲ್ಲುತ್ತವೆ. ಗೇಟು ತೆರೆಯುವುದು ಬೆಳಿಗ್ಗೆ 6 ಗಂಟೆಗೆ.